ಲೇಬಲ್ ಎಲ್ಲಿ ಬಾಳಬೇಕು, ಅದನ್ನು ಮೊದಲು ಹೇಳಿ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಂಚಿಕೆಯಲ್ಲಿ ಕೊಡಗಿನ ಓದುಗರು ಬಾರ್‌ಕೋಡ್ ಲೇಬಲ್ ಮತ್ತು ಥರ್ಮಲ್ ಪ್ರಿಂಟರ್ ಕುರಿತು ಕೇಳಿದ್ದು.

ಪ್ರಶ್ನೆ: ಮನೆಯಲ್ಲೇ ಕಾಫಿಪುಡಿ, ಕರಿಮೆಣಸು, ಜೇನು, ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿರಸ) ಪ್ಯಾಕ್ ಮಾಡಿ ಮೂರು ಅಂಗಡಿಗಳಿಗೆ ಕೊಡುತ್ತೇವೆ. ತಿಂಗಳಿಗೆ ಸುಮಾರು 1500 ಲೇಬಲ್ ಬೇಕಾಗುತ್ತದೆ. ಕಳೆದ ವರ್ಷ ರಿಬ್ಬನ್ ಬೇಡದ ಸಣ್ಣ ಪ್ರಿಂಟರ್ ತಂದೆವು. ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿಟ್ಟ ಜೇನು ಬಾಟಲಿಗಳ ಬರಹ ಕೆಲವೇ ವಾರಗಳಲ್ಲಿ ಮಾಸಿತು. ಕಾಚಂಪುಳಿ ಬಾಟಲಿಯಲ್ಲಿ ದಿನಾಂಕವೇ ಕಾಣುತ್ತಿಲ್ಲ. ಪ್ರಿಂಟರ್ ಹಾಳಾಗಿದೆಯೇ? ಹೊಸದು ಕೊಳ್ಳುವುದಾದರೆ ಯಾವುದು?
(ಗೋಣಿಕೊಪ್ಪಲು)

ಉತ್ತರ: ಪ್ರಿಂಟರ್‌ನಲ್ಲಿ ದೋಷವಿಲ್ಲ. ಮಾಸಿದ್ದು ಕಾಗದ. ರಿಬ್ಬನ್ ಇಲ್ಲದ ಪ್ರಿಂಟರ್ ಎಂದರೆ ಡೈರೆಕ್ಟ್ ಥರ್ಮಲ್. ಅದರ ಲೇಬಲ್ ಕಾಗದದ ಮೇಲೆ ಬಿಸಿ ತಾಗಿದರೆ ಕಪ್ಪಾಗುವ ರಾಸಾಯನಿಕದ ಲೇಪ ಇರುತ್ತದೆ. ಬಸ್ ಟಿಕೆಟ್, ಎಟಿಎಂ ಚೀಟಿ ಎಲ್ಲ ಇದೇ ಜಾತಿ. ಬಿಸಿಲು, ಎಣ್ಣೆ, ಸ್ಪಿರಿಟ್, ಸ್ಯಾನಿಟೈಸರ್, ಮೆತ್ತನೆಯ ಪಿವಿಸಿ ಕವರ್, ಇವೆಲ್ಲ ಆ ಲೇಪದ ಬಣ್ಣವನ್ನು ತೆಗೆಯುತ್ತವೆ ಅಥವಾ ಕೆಡಿಸುತ್ತವೆ. ಹುಳಿ ಸೋರಿದರೂ ಬರಹ ಕೆಡಬಹುದು. ಇನ್ನೊಂದು ತೊಂದರೆ ಇದಕ್ಕೆ ತದ್ವಿರುದ್ಧ: ಪೌಚಿನ ಬಾಯಿಗೆ ಹತ್ತಿರ ಲೇಬಲ್ ಅಂಟಿಸಿ ಆಮೇಲೆ ಸೀಲಿಂಗ್ ಮೆಷಿನ್‌ಗೆ ಕೊಟ್ಟರೆ ಲೇಬಲ್ಲಿನ ಅಂಚು ಕಪ್ಪಾಗುತ್ತದೆ. ನಿಮ್ಮ ಲೇಬಲ್ ಯಾವ ಜಾತಿ ಎಂದು ತಿಳಿಯಲು ಉಗುರಿನಿಂದ ಜೋರಾಗಿ ಒಮ್ಮೆ ಗೀರಿ. ಕಪ್ಪು ಗೀಟು ಮೂಡಿದರೆ ಅದು ಡೈರೆಕ್ಟ್ ಥರ್ಮಲ್.

ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರುವ ಸರಕಿಗೆ ಬೇಕಾದದ್ದು ಥರ್ಮಲ್ ಟ್ರಾನ್ಸ್‌ಫರ್, ಅಂದರೆ ರಿಬ್ಬನ್ ಹಾಕುವ ಪ್ರಿಂಟರ್. ಇದರಲ್ಲಿ ಹೆಡ್‌ನ (ಮುದ್ರಿಸುವ ಪಟ್ಟಿಯ) ಬಿಸಿಗೆ ರಿಬ್ಬನ್ ಮೇಲಿನ ಮಸಿ ಕರಗಿ ಲೇಬಲ್ಲಿಗೆ ಅಂಟುತ್ತದೆ. ಮಸಿಯಲ್ಲಿ ಮೂರು ಬಗೆ. ವ್ಯಾಕ್ಸ್ ರಿಬ್ಬನ್ ಅಗ್ಗ. ಕ್ರೋಮೋ, ಅಂದರೆ ಲೇಪವಿರುವ ಬಿಳಿ ಕಾಗದದ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ಉಜ್ಜಿದರೆ ಹರಡುತ್ತದೆ. ವ್ಯಾಕ್ಸ್-ರೆಸಿನ್ ನಡುವಿನದು: ನುಣುಪು ಕಾಗದಕ್ಕೂ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಲೇಬಲ್ಲಿಗೂ ಹೊಂದುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೂ ನಿಲ್ಲುತ್ತದೆ. ರೆಸಿನ್ ಎಲ್ಲಕ್ಕಿಂತ ಗಟ್ಟಿ, ಪಾಲಿಯೆಸ್ಟರ್ ಲೇಬಲ್ಲಿಗೆ ಅದೇ ಬೇಕು. ಅದಕ್ಕೆ ಬಿಸಿ ಹೆಚ್ಚು ಕೊಡಬೇಕು, ವೇಗ ಇಳಿಸಬೇಕು.

ದೂರು ಹುಟ್ಟುವುದೆಲ್ಲ ಇಲ್ಲೇ. ಲೇಬಲ್ ಒಂದು ಕಡೆ, ರಿಬ್ಬನ್ ಇನ್ನೊಂದು ಕಡೆ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಎರಡೂ ಹೊಂದದೆ ಹೋಗುತ್ತವೆ. ಪಿಪಿ ಮೇಲೆ ವ್ಯಾಕ್ಸ್ ಹಾಕಿದರೆ ಬೆರಳಿಗೇ ಮಸಿ ಬರುತ್ತದೆ. ಒರಟು ಕಾಗದದ ಮೇಲೆ ರೆಸಿನ್ ಹಾಕಿದರೆ ಅಕ್ಷರ ಅಲ್ಲಲ್ಲಿ ಹಾರಿಹೋಗುತ್ತದೆ. ಹಾಗಾಗಿ ಪ್ರಿಂಟರ್ ಬೆಲೆ ಕೇಳುವ ಮೊದಲು ನಿಮ್ಮ ಬಾಟಲಿಯನ್ನೂ ಪೌಚನ್ನೂ ಮುಂದಿಟ್ಟು ಲೇಬಲ್ ತೀರ್ಮಾನಿಸಿ. ಲೇಬಲ್ಲಿಗೆ ತಕ್ಕ ರಿಬ್ಬನ್, ರಿಬ್ಬನ್ನಿಗೆ ತಕ್ಕ ಪ್ರಿಂಟರ್. ನಿಮ್ಮ ನಾಲ್ಕು ಸರಕಿಗೆ ನಾವು ಹೇಳುವುದು ಒಂದೇ ಜೋಡಿ: ಬಿಳಿ ಪಿಪಿ ಲೇಬಲ್, ವ್ಯಾಕ್ಸ್-ರೆಸಿನ್ ರಿಬ್ಬನ್. ಕಾಫಿಪುಡಿ, ಮೆಣಸಿಗೆ ಕ್ರೋಮೋ ಮತ್ತು ವ್ಯಾಕ್ಸ್ ಸಾಕು ನಿಜ. ಆದರೆ ತಿಂಗಳಿಗೆ 1500 ಲೇಬಲ್ಲಿಗೆ ಎರಡು ಬಗೆ ಇಟ್ಟುಕೊಂಡು, ಪ್ರತಿ ಸಲ ರಿಬ್ಬನ್ ಬದಲಿಸಿ, ಬಿಸಿಯ ಅಳತೆ ಮತ್ತೆ ಹೊಂದಿಸುವ ಶ್ರಮಕ್ಕೆ ಆ ಉಳಿತಾಯ ತಕ್ಕದ್ದಲ್ಲ.

ರೋಲ್ ತಂದ ದಿನವೇ ಪರೀಕ್ಷೆ ಮಾಡಿ. ಒಂದು ಲೇಬಲ್ ಮುದ್ರಿಸಿ, ಐದು ನಿಮಿಷ ಬಿಟ್ಟು ಹೆಬ್ಬೆರಳಿನಿಂದ ಹತ್ತು ಸಲ ಉಜ್ಜಿ. ಇನ್ನೊಂದರ ಮೇಲೆ ಒಂದು ತೊಟ್ಟು ಕಾಚಂಪುಳಿ, ಮತ್ತೊಂದರ ಮೇಲೆ ಕೊಬ್ಬರಿ ಎಣ್ಣೆ ಬಿಟ್ಟು ಮರುದಿನ ಒರೆಸಿ ನೋಡಿ. ಅಂಗಡಿಯವರ ಮಾತಿಗಿಂತ ಈ ಮೂರು ಲೇಬಲ್ ಹೆಚ್ಚು ಹೇಳುತ್ತವೆ.

ಪ್ರಿಂಟರ್ ವಿಷಯಕ್ಕೆ ಬಂದರೆ, ಮೇಜಿನ ಮೇಲಿಡುವ 4 ಇಂಚಿನ ಡೆಸ್ಕ್‌ಟಾಪ್ ಮಾದರಿ ನಿಮಗೆ ಧಾರಾಳ. ಝೀಬ್ರಾ, ಟಿಎಸ್‌ಸಿ, ಹನಿವೆಲ್, ಟಿವಿಎಸ್ ಎಲ್ಲರಲ್ಲೂ ಈ ವರ್ಗದ್ದು ಇದೆ. ಹೆಸರಿಗಿಂತ ಮೊದಲು ಎಷ್ಟು ಮೀಟರ್ ರಿಬ್ಬನ್ ಹಿಡಿಯುತ್ತದೆ ಎಂದು ಕೇಳಿ. ಕೆಲವು ಮಾದರಿಗಳು ಅರ್ಧ ಇಂಚಿನ ಕೊಳವೆಯ 74 ಮೀಟರ್ ರಿಬ್ಬನ್ ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ಒಂದು ಇಂಚಿನ ಕೊಳವೆಯ 300 ಮೀಟರನ್ನೂ. 25 ಮಿಮೀ ಎತ್ತರದ ಲೇಬಲ್, ನಡುವೆ 3 ಮಿಮೀ ಸಂದು, ಒಟ್ಟು 28 ಮಿಮೀ. 1500 ಲೇಬಲ್ಲಿಗೆ 42 ಮೀಟರ್ ರಿಬ್ಬನ್ ಹೋಗುತ್ತದೆ. 74 ಮೀಟರಿನದು ಎರಡು ತಿಂಗಳೂ ಬಾರದು, 300 ಮೀಟರಿನದು ಏಳು ತಿಂಗಳು ಬರುತ್ತದೆ. ಆಮೇಲೆ ಹೆಡ್ ಬಿಡಿಯಾಗಿ ಮೈಸೂರಿನಲ್ಲಾದರೂ ಸಿಗುತ್ತದೆಯೇ, ಅದನ್ನು ನೀವೇ ಬದಲಿಸಬಹುದೇ ಎಂದು ಕೇಳಿ. ರಿಬ್ಬನ್ ಪ್ರಿಂಟರಿನಲ್ಲಿ ರಿಬ್ಬನ್ ತೆಗೆದು ಡೈರೆಕ್ಟ್ ಥರ್ಮಲ್ ಲೇಬಲ್ಲನ್ನೂ ಮುದ್ರಿಸಬಹುದು. ಡೈರೆಕ್ಟ್ ಥರ್ಮಲ್ ಪ್ರಿಂಟರಿಗೆ ಮಾತ್ರ ಆಮೇಲೆ ರಿಬ್ಬನ್ ಜೋಡಿಸಲಾಗದು.

ಪ್ರಶ್ನೆ: ನಮ್ಮ ಕಾಫಿಪುಡಿ ಪ್ಯಾಕೆಟ್‌ಗಳ ಬಾರ್‌ಕೋಡ್ ಸ್ಕ್ಯಾನ್ ಆಗುವುದಿಲ್ಲವೆಂದು ಸೂಪರ್ ಮಾರ್ಕೆಟ್‌ನವರು ವಾಪಸ್ ಕಳಿಸಿದ್ದಾರೆ. ನಮ್ಮ ಮೊಬೈಲಿನಲ್ಲಿ ಸ್ಕ್ಯಾನ್ ಆಗುತ್ತದೆ. 203 ಡಿಪಿಐ ಪ್ರಿಂಟರ್, 38 × 25 ಮಿಮೀ ಲೇಬಲ್, 890ರಿಂದ ಶುರುವಾಗುವ 13 ಅಂಕಿಯ ಕೋಡ್.
(ಕುಶಾಲನಗರ)

ಉತ್ತರ: ಮೊಬೈಲ್ ಕ್ಯಾಮೆರಾ ಉದಾರಿ, ಕೌಂಟರಿನ ಸ್ಕ್ಯಾನರ್ ಅಷ್ಟು ಉದಾರಿಯಲ್ಲ. ನಿಮ್ಮ ತೊಂದರೆ ಲೆಕ್ಕದ್ದು.

13 ಅಂಕಿಯ ಇಎಎನ್ ಕೋಡ್‌ನಲ್ಲಿ ಅತಿ ತೆಳುವಾದ ಗೀಟಿನ ಅಗಲವನ್ನು ಒಂದು ಘಟಕ ಎನ್ನೋಣ. ಗೀಟುಗಳ ಭಾಗಕ್ಕೆ 95 ಘಟಕ, ಎಡಗಡೆ 11 ಮತ್ತು ಬಲಗಡೆ 7 ಘಟಕದಷ್ಟು ಖಾಲಿ ಬಿಳಿ ಜಾಗ, ಒಟ್ಟು 113. ಘಟಕದ ಮೂಲ ಅಳತೆ 0.33 ಮಿಮೀ, ಅಂದರೆ ಅಗಲ ಸುಮಾರು 37.3 ಮಿಮೀ. ಶೇ 80ರವರೆಗೆ, ಅಂದರೆ 0.264 ಮಿಮೀವರೆಗೆ ಇಳಿಸಲು ನಿಯಮ ಬಿಡುತ್ತದೆ. ಈಗ ಪ್ರಿಂಟರ್ ನೋಡಿ. 203 ಡಿಪಿಐ ಎಂದರೆ ಒಂದು ಮಿಮೀಗೆ 8 ಚುಕ್ಕೆ, ಒಂದು ಚುಕ್ಕೆ 0.125 ಮಿಮೀ. ಅರ್ಧ ಚುಕ್ಕೆ ಹಾಕಲು ಅದಕ್ಕೆ ಬರುವುದಿಲ್ಲ. ಎರಡು ಚುಕ್ಕೆಗೆ 0.25 ಮಿಮೀ, ಆ ಮಿತಿಗಿಂತ ಕಡಿಮೆ; ಥರ್ಮಲ್ ಮುದ್ರಣಕ್ಕೆ ಅಷ್ಟಕ್ಕೆ ವಿನಾಯಿತಿ ಇದೆ, ಆದರೆ ಅದನ್ನು ನೆಚ್ಚದಿರುವುದು ಮೇಲು. ಮೂರು ಚುಕ್ಕೆಗೆ 0.375 ಮಿಮೀ, ಆಗ ಒಟ್ಟು ಅಗಲ 42.4 ಮಿಮೀ. ನಿಮ್ಮ 38 ಮಿಮೀ ಲೇಬಲ್ಲಿನಲ್ಲಿ ಅದು ಹಿಡಿಯುವುದೇ ಇಲ್ಲ. ಸಾಫ್ಟ್‌ವೇರಿನಲ್ಲಿ ಮೂಲೆ ಹಿಡಿದೆಳೆದು ಹೇಗೋ ಕೂರಿಸಿದ್ದೀರಿ. ಆಗ ಒಂದು ಗೀಟಿಗೆ ಎರಡು ಚುಕ್ಕೆ, ಪಕ್ಕದ್ದಕ್ಕೆ ಮೂರು ಬಿದ್ದು ಅಳತೆ ಕೆಟ್ಟಿದೆ. ಅಂಚಿನ ಬಿಳಿ ಜಾಗವೂ ಹೋಗಿರುತ್ತದೆ.

ದಾರಿ ಎರಡು. ಇದೇ ಪ್ರಿಂಟರ್ ಇಟ್ಟುಕೊಂಡು 50 × 25 ಮಿಮೀ ಲೇಬಲ್ಲಿಗೆ ಹೋಗಿ, ಘಟಕಕ್ಕೆ 3 ಚುಕ್ಕೆ ಎಂದು ನಮೂದಿಸಿ. ಇಲ್ಲವೇ 300 ಡಿಪಿಐ ಪ್ರಿಂಟರ್ ತನ್ನಿ: ಅಲ್ಲಿ 4 ಚುಕ್ಕೆಗೆ ಸುಮಾರು 0.34 ಮಿಮೀ, ಒಟ್ಟು ಅಗಲ 38.3 ಮಿಮೀ. ಅದೂ ನಿಮ್ಮ ಲೇಬಲ್ಲಿಗೆ ಕೂದಲೆಳೆಯಷ್ಟು ಹೆಚ್ಚೇ. ಆದ್ದರಿಂದ ಮೊದಲ ದಾರಿಯೇ ಮೇಲು. ಬಾರ್‌ಕೋಡನ್ನು ಬೇರೆ ಕಡೆ ಮಾಡಿ ಜೆಪಿಜಿ ಚಿತ್ರವಾಗಿ ತಂದು ಅಂಟಿಸಬೇಡಿ. ಲೇಬಲ್ ಸಾಫ್ಟ್‌ವೇರಿನ ಬಾರ್‌ಕೋಡ್ ಉಪಕರಣದಲ್ಲೇ ಅಂಕಿ ಕೊಟ್ಟು ಮಾಡಿಸಿ.

890 ಸಂಖ್ಯೆ ಜಿಎಸ್1 ಇಂಡಿಯಾದಿಂದ (ಬಾರ್‌ಕೋಡ್ ಸಂಖ್ಯೆ ಕೊಡುವ ಸಂಸ್ಥೆ) ನಿಮ್ಮ ಹೆಸರಿಗೇ ಪಡೆದದ್ದಾಗಿರಬೇಕು. ತೋಚಿದ ಅಂಕಿ ಬರೆದಿದ್ದರೆ ಅದು ಬೇರೆ ಯಾರದೋ ಸಾಬೂನಿನ ಸಂಖ್ಯೆಯೂ ಆಗಿರಬಹುದು. ಸ್ವಂತ ಅಂಗಡಿಯೊಳಗೆ ಮಾತ್ರ ಬಳಸುವುದಾದರೆ 2ರಿಂದ ಶುರುವಾಗುವ ಸಂಖ್ಯೆ ಇಟ್ಟುಕೊಳ್ಳಬಹುದು, ಅದನ್ನು ಅದಕ್ಕೆಂದೇ ಬಿಟ್ಟಿದ್ದಾರೆ. ಒಳಲೆಕ್ಕಕ್ಕೆ ಕೋಡ್ 128 ಎಂಬ ಇನ್ನೊಂದು ಬಗೆಯ ಬಾರ್‌ಕೋಡ್ ಇನ್ನೂ ಒಳ್ಳೆಯದು. ಬರೀ ಅಂಕಿಗಳಾದರೆ ಅದು ಎರಡೆರಡನ್ನು ಜೋಡಿಸಿ ಬರೆಯುತ್ತದೆ. 8 ಅಂಕಿಗೆ ಅಂಚಿನ ಬಿಳಿ ಜಾಗವೂ ಸೇರಿ 99 ಘಟಕ. ಎರಡು ಚುಕ್ಕೆಯ ಲೆಕ್ಕದಲ್ಲಿ 25 ಮಿಮೀಗಿಂತ ಕಡಿಮೆ. ನಿಮ್ಮ ಹಳೆಯ 38 ಮಿಮೀ ರೋಲ್‌ಗಳು ಆ ಕೆಲಸಕ್ಕೆ ಖರ್ಚಾಗಲಿ.

ಬಾಟಲಿಗೆ ಅಂಟಿಸುವವರಿಗೂ ಒಂದು ಮಾತು: ಪಾರದರ್ಶಕ ಲೇಬಲ್ ಚಂದ ಕಾಣುತ್ತದೆ, ಆದರೆ ಕಡುಬಣ್ಣದ ಜೇನಿನ ಮೇಲೆ ಕಪ್ಪು ಗೀಟು ಸ್ಕ್ಯಾನರಿಗೆ ಕಾಣುವುದಿಲ್ಲ. ಬಾರ್‌ಕೋಡಿನ ಹಿಂದೆ ಬಿಳಿಯೇ ಇರಲಿ. ಸಣ್ಣ ಸುತ್ತಳತೆಯ ಬಾಟಲಿಯಾದರೆ ಗೀಟುಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಬರುವ ಹಾಗೆ ತಿರುಗಿಸಿ. ಇಲ್ಲದಿದ್ದರೆ ಕೊನೆಯ ಗೀಟುಗಳು ಬಾಗಿನಲ್ಲಿ ಮರೆಯಾಗುತ್ತವೆ.

ಪ್ರಶ್ನೆ: ಜೂನ್ ಬಂತೆಂದರೆ ಲೇಬಲ್ ಪೌಚಿನಿಂದ ಏಳುತ್ತದೆ, ಪ್ರಿಂಟರಿನಲ್ಲಿ ಸುರುಳಿಯಾಗಿ ಸಿಕ್ಕಿಕೊಳ್ಳುತ್ತದೆ, ಒಂದು ಮುದ್ರಿಸಿದರೆ ಎರಡು ಖಾಲಿ ಬರುತ್ತದೆ. ಬೇಸಿಗೆಯಲ್ಲಿ ಇದಾವುದೂ ಇರಲಿಲ್ಲ.
(ನಾಪೋಕ್ಲು)

ಉತ್ತರ: ಮೂರಕ್ಕೂ ಮಳೆಗಾಲದ ತೇವವೇ ಮೂಲ, ಆದರೆ ಪರಿಹಾರ ಬೇರೆಬೇರೆ.

ಕಾಗದದ ಲೇಬಲ್ ತೇವ ಕುಡಿದು ಹಿಗ್ಗುತ್ತದೆ, ಹಿಂದಿನ ನುಣುಪು ಹಾಳೆ ಅಷ್ಟು ಹಿಗ್ಗುವುದಿಲ್ಲ. ಅದರಿಂದಲೇ ಸುರುಳಿ. ತೆರೆದ ರೋಲನ್ನು ಪ್ರಿಂಟರಿನಲ್ಲೇ ರಾತ್ರಿ ಬಿಡಬೇಡಿ. ಜಿಪ್ ಕವರಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗಾಳಿ ತೆಗೆದು ಮುಚ್ಚಿ. ರೋಲನ್ನು ತಟ್ಟೆಯಂತೆ ಮಲಗಿಸಿಡಿ, ಚಕ್ರದಂತೆ ನಿಲ್ಲಿಸಿದರೆ ಕೆಳಭಾಗ ಚಪ್ಪಟೆಯಾಗಿ ಸರಾಗ ಓಡುವುದಿಲ್ಲ. ಸಂಗ್ರಹವನ್ನು ಗೋಡೆಗೆ ತಾಗಿಸದೆ, ನೆಲದ ಮೇಲಿಡದೆ, ಮರದ ಹಲಗೆಯ ಮೇಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿರುತ್ತದೆಂದು ಇಟ್ಟರೆ ಅಂಟು ಬಿಸಿಗೆ ಅಂಚಿಗೆ ಒಸರುತ್ತದೆ, ಡೈರೆಕ್ಟ್ ಥರ್ಮಲ್ ಲೇಬಲ್ ಕಂದುತ್ತದೆ.

ಪೌಚಿನಿಂದ ಏಳುವುದಕ್ಕೆ ಕಣ್ಣಿಗೆ ಕಾಣದ ತೇವದ ಪೊರೆ ಒಂದು ಕಾರಣ, ಕಾಫಿಪುಡಿಯ ದೂಳು ಇನ್ನೊಂದು. ತುಂಬಿದ ಮೇಲೆ ಅಂಟಿಸುವುದನ್ನು ಬಿಟ್ಟು ಖಾಲಿ ಪೌಚಿಗೇ ಅಂಟಿಸಿ, ಆಮೇಲೆ ತುಂಬಿ. ಒಣ ಬಟ್ಟೆಯಲ್ಲಿ ಒರೆಸಿ, ಮೇಜಿನ ಮೇಲೆ ಹರವಿ, ನಡುವಿನಿಂದ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ. ಅಂಟು ಪೂರ್ತಿ ಹಿಡಿಯಲು ಸುಮಾರು ಒಂದು ದಿನ ಬೇಕು, ಅಲ್ಲಿವರೆಗೆ ಪೆಟ್ಟಿಗೆಗೆ ತುರುಕಬೇಡಿ. ಫ್ರೀಜರಿನಲ್ಲಿಡುವ ಹಂದಿಮಾಂಸದ ಪ್ಯಾಕೆಟಿಗೆ ಸಾಮಾನ್ಯ ಅಂಟು ನಿಲ್ಲುವುದಿಲ್ಲ. ಫ್ರೀಜರ್ ಅಂಟಿನ ಲೇಬಲ್ ಎಂದೇ ಕೇಳಿ ತರಬೇಕು, ಅದನ್ನೂ ತಣ್ಣಗಾಗುವ ಮೊದಲೇ ಅಂಟಿಸಬೇಕು.

ಖಾಲಿ ಲೇಬಲ್ ಬರುವುದು ಸೆನ್ಸರಿನ ಗೊಂದಲ. ಎರಡು ಲೇಬಲ್ ನಡುವಿನ ಸಂದಿನಲ್ಲಿ ಬೆಳಕು ಹೆಚ್ಚು ಹಾಯುತ್ತದೆ, ಪ್ರಿಂಟರ್ ಅದನ್ನು ನೋಡಿ ನಿಲ್ಲುತ್ತದೆ. ತೇವ ಕುಡಿದ ಕಾಗದ, ಸೆನ್ಸರಿನ ಮೇಲಿನ ದೂಳು ಆ ವ್ಯತ್ಯಾಸವನ್ನು ತಗ್ಗಿಸುತ್ತವೆ. ಸೆನ್ಸರನ್ನು ಒಣ ಬ್ರಷ್‌ನಿಂದ ಒರೆಸಿ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಲೇಬಲ್ಲನ್ನೂ ಸಂದನ್ನೂ ಪ್ರಿಂಟರ್ ಹೊಸದಾಗಿ ಗುರುತಿಸುವಂತೆ ಮಾಡಿ. ಹೆಚ್ಚಿನ ಡೆಸ್ಕ್‌ಟಾಪ್ ಮಾದರಿಗಳಲ್ಲಿ ಫೀಡ್ ಬಟನ್ನಿನಿಂದಲೇ ಇದು ಆಗುತ್ತದೆ, ಎಷ್ಟು ಹೊತ್ತು ಒತ್ತಿಹಿಡಿಯಬೇಕೆಂಬುದು ಕೈಪಿಡಿಯಲ್ಲಿರುತ್ತದೆ. ಡ್ರೈವರಿನಲ್ಲಿ ಲೇಬಲ್ ಅಳತೆಯನ್ನೂ ಸಂದಿನ ಅಳತೆಯನ್ನೂ ಸ್ಕೇಲ್ ಹಿಡಿದು ನೋಡಿಯೇ ತುಂಬಿ. ರೋಲ್ ಬದಲಾದಾಗಲೆಲ್ಲ ಕ್ಯಾಲಿಬ್ರೇಷನ್ ಮಾಡುವುದು ರೂಢಿಯಾಗಲಿ.

ಪ್ರಶ್ನೆ: ಪ್ರತಿ ಲೇಬಲ್ಲಿನಲ್ಲೂ ಒಂದೇ ಜಾಗದಲ್ಲಿ ಸಣ್ಣ ಬಿಳಿ ಗೆರೆ ಬರುತ್ತಿದೆ. ಬಿಸಿ ಹೆಚ್ಚಿಸಿದರೂ ಹೋಗಲಿಲ್ಲ.
(ವಿರಾಜಪೇಟೆ)

ಉತ್ತರ: ಬಿಸಿಯನ್ನು ಈಗಲೇ ಮೊದಲಿನ ಅಳತೆಗೆ ಇಳಿಸಿ. ಹೆಚ್ಚಿಸಿದಷ್ಟೂ ಹೆಡ್‌ನಲ್ಲಿ ಬಿಸಿಯಾಗುವ ಉಳಿದ ಚುಕ್ಕೆಗಳ ಆಯುಸ್ಸು ಕರಗುತ್ತದೆ.

ಲೇಬಲ್ ಓಡುವ ದಿಕ್ಕಿನಲ್ಲೇ ನೇರವಾದ ಗೆರೆ, ಅದೂ ಒಂದೇ ಜಾಗದಲ್ಲಿ ಎಂದರೆ ಹೆಡ್‌ನ ಒಂದು ಚುಕ್ಕೆಯ ಮೇಲೆ ಕೊಳೆ ಕೂತಿದೆ ಅಥವಾ ಆ ಚುಕ್ಕೆ ಸತ್ತಿದೆ. ಓರೆಯಾಗಿ, ಅಂಕುಡೊಂಕಾಗಿ ಬಂದರೆ ರಿಬ್ಬನ್ ಸುಕ್ಕಾಗಿದೆ ಎಂದರ್ಥ. ಒಂದು ಪಕ್ಕ ಮಾತ್ರ ತಿಳಿಯಾದರೆ ಹೆಡ್‌ನ ಒತ್ತಡ ಸಮನಾಗಿಲ್ಲ.

ಸ್ವಿಚ್ ಆರಿಸಿ, ಹೆಡ್ ಆರುವವರೆಗೆ ಕಾಯಿರಿ. ರಿಬ್ಬನ್, ಲೇಬಲ್ ತೆಗೆಯಿರಿ. ಮೆಡಿಕಲ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಕೇಳಿ, ಶೇ 90ಕ್ಕಿಂತ ಹೆಚ್ಚಿನದು ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ನೂಲು ಬಿಡದ ಬಟ್ಟೆ ಅಥವಾ ಸ್ವ್ಯಾಬ್ ಅದ್ದಿ, ಹೆಡ್‌ನ ಅಂಚಿನ ತೆಳು ಗೆರೆಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ದಿಕ್ಕಿನಲ್ಲಿ ಒರೆಸಿ. ಕೆಳಗಿನ ರಬ್ಬರ್ ರೋಲರನ್ನು ತಿರುಗಿಸುತ್ತ ಸುತ್ತಲೂ ಒರೆಸಿ. ಪೂರ್ತಿ ಒಣಗಿದ ಮೇಲೆ ಮುಚ್ಚಿ. ಅಂಟಿಕೊಂಡ ಲೇಬಲ್ ತೆಗೆಯಲು ಚಾಕು, ಬ್ಲೇಡು, ಸ್ಕ್ರೂಡ್ರೈವರ್ ತಾಗಿಸಲೇಬಾರದು. ಒಂದು ಗೀರು ಬಿದ್ದರೆ ಹೆಡ್ ಹೋಯಿತು.

ಇಷ್ಟಾದ ಮೇಲೂ ಗೆರೆ ಉಳಿದರೆ ಚುಕ್ಕೆ ಸತ್ತಿದೆ. ಹೊಸ ಹೆಡ್ ಬರುವವರೆಗೆ ವಿನ್ಯಾಸವನ್ನು ಒಂದೆರಡು ಮಿಮೀ ಸರಿಸಿ, ಗೆರೆ ಖಾಲಿ ಜಾಗಕ್ಕೆ ಬೀಳಲಿ. ಇಲ್ಲವೇ ಬಾರ್‌ಕೋಡನ್ನು 90 ಡಿಗ್ರಿ ತಿರುಗಿಸಿ. ಆಗ ಬಿಳಿ ಗೆರೆ ಎಲ್ಲ ಗೀಟುಗಳನ್ನೂ ಅಡ್ಡಕ್ಕೆ ದಾಟುತ್ತದೆ, ಯಾವ ಗೀಟೂ ಪೂರ್ತಿ ಅಳಿಯುವುದಿಲ್ಲ. ಹೀಗೆ ತಿರುಗಿಸಿದಾಗ ವೇಗ ಸೆಕೆಂಡಿಗೆ 2–3 ಇಂಚಿಗೆ ಇಳಿಸಿ, ಇಲ್ಲದಿದ್ದರೆ ಗೀಟಿನ ಹಿಂದಂಚು ಹರಡುತ್ತದೆ.

ಮುಂದೆ ಹೀಗಾಗದಿರಲು ರಿಬ್ಬನ್ ಬದಲಿಸಿದಾಗಲೆಲ್ಲ ಹೆಡ್ ಒರೆಸಿ. ರಿಬ್ಬನ್ ಅಗಲ ಲೇಬಲ್ ಅಗಲಕ್ಕಿಂತ ಹೆಚ್ಚಿರಲಿ. ಕಡಿಮೆಯಿದ್ದರೆ ಅಂಚಿನಲ್ಲಿ ಕಾಗದ ನೇರವಾಗಿ ಹೆಡ್‌ಗೆ ಉಜ್ಜುತ್ತದೆ. ಪ್ರಿಂಟರನ್ನು ಕಾಫಿ ಬೀಸುವ ಕೋಣೆಯಲ್ಲಿ ಇಡಬೇಡಿ. ಎಣ್ಣೆ ಬೆರೆತ ಆ ದೂಳು ಹೆಡ್‌ನ ಮೇಲೆ ಸುಟ್ಟು ಹೆಪ್ಪುಗಟ್ಟುತ್ತದೆ. ಕರೆಂಟ್ ಹೋಗಿಬರುವ ಕಡೆ ಸಣ್ಣ ಯುಪಿಎಸ್ ಸಾಕು. ಲೇಸರ್ ಪ್ರಿಂಟರಿನಂತೆ ಇದು ಒಮ್ಮೆಲೇ ಭಾರಿ ಕರೆಂಟ್ ಎಳೆಯುವುದಿಲ್ಲ.

ಪ್ರಶ್ನೆ: ಕಾಫಿ ನರ್ಸರಿಯ ಗಿಡಗಳಿಗೂ, ಪಾರ್ಚ್‌ಮೆಂಟ್ (ಒಳಸಿಪ್ಪೆ ಸಹಿತ ಒಣಗಿಸಿದ ಕಾಫಿ ಬೀಜ) ತುಂಬಿದ ಗೋಣಿಚೀಲಗಳಿಗೂ ಕ್ಯುಆರ್ ಕೋಡ್ ಹಾಕಬಹುದೇ?
(ಸುಂಟಿಕೊಪ್ಪ)

ಉತ್ತರ: ಹಾಕಬಹುದು. ಗೋಣಿಗೆ ಮಾತ್ರ ಯಾವ ಅಂಟೂ ಹಿಡಿಯದು. ಅಂಟಿಲ್ಲದ ಟ್ಯಾಗ್ ರೋಲ್ ಸಿಗುತ್ತದೆ. ಮುದ್ರಿಸಿ, ತೂತು ಮಾಡಿ, ಬಾಯಿ ಹೊಲಿಯುವಾಗ ದಾರದ ಜೊತೆಗೇ ಹೊಲಿಯಿರಿ. ಗಿಡಗಳಿಗೆ ಪಾಲಿಯೆಸ್ಟರ್ ಟ್ಯಾಗ್ ಮತ್ತು ರೆಸಿನ್ ರಿಬ್ಬನ್ ಬಿಟ್ಟು ಬೇರೆ ಯೋಚನೆ ಬೇಡ: ಮಳೆ, ಬಿಸಿಲು, ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪರಣೆ ಎಲ್ಲವನ್ನೂ ಅದು ತಾಳಬೇಕಲ್ಲ. ಕಾಂಡಕ್ಕೆ ಬಿಗಿದು ಕಟ್ಟದೆ, ಬೆಳೆಯಲು ಸಡಿಲ ಬಿಟ್ಟು ಕುಣಿಕೆ ಹಾಕಿ.

ಕ್ಯುಆರ್ ಒಳಗೆ ಇಡೀ ಚರಿತ್ರೆ ತುಂಬಬೇಡಿ. ತೋಟ, ಬ್ಲಾಕ್, ದಿನಾಂಕ ಸೂಚಿಸುವ ಒಂದು ಚುಟುಕು ಸಂಖ್ಯೆ ಇರಲಿ, ಉಳಿದದ್ದು ನಿಮ್ಮ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಇರಲಿ. 42 ಇಂಗ್ಲಿಷ್ ಅಕ್ಷರದೊಳಗಿದ್ದರೆ ಮಧ್ಯಮ ಮಟ್ಟದ ದೋಷ ತಿದ್ದುವಿಕೆಯೊಂದಿಗೆ (ಸ್ವಲ್ಪ ಅಳಿಸಿದರೂ ಓದಿಸುವ ವ್ಯವಸ್ಥೆ) 29 × 29 ಚೌಕದಲ್ಲಿ ಮುಗಿಯುತ್ತದೆ. ಒಂದು ಚೌಕಕ್ಕೆ 203 ಡಿಪಿಐನಲ್ಲಿ 4 ಚುಕ್ಕೆ, ಅಂದರೆ ಅರ್ಧ ಮಿಮೀ ಕೊಟ್ಟರೆ ಸುತ್ತಲಿನ ಬಿಳಿ ಜಾಗವೂ ಸೇರಿ 18.5 ಮಿಮೀ. ಮಣ್ಣು ಮೆತ್ತುವ ಜಾಗವಾದ್ದರಿಂದ ಇದಕ್ಕಿಂತ ಚಿಕ್ಕದು ಮಾಡಬೇಡಿ. ಕೆಳಗೆ ಅದೇ ಸಂಖ್ಯೆಯನ್ನು ಕಣ್ಣಿಗೆ ಕಾಣುವಂತೆ ದೊಡ್ಡದಾಗಿ ಬರೆಸಿ.

ಪ್ರಶ್ನೆ: ಹೋಮ್‌ಮೇಡ್ ಚಾಕೊಲೇಟ್ ಪೊಟ್ಟಣದ ಲೇಬಲ್ಲಿನಲ್ಲಿ ಹಸಿರು ಚುಕ್ಕೆಯೂ ಕನ್ನಡ ಅಕ್ಷರವೂ ಬೇಕು. ಕನ್ನಡ ಚೌಕಚೌಕವಾಗಿ ಬರುತ್ತದೆ.
(ಮಡಿಕೇರಿ)

ಉತ್ತರ: ಸಸ್ಯಾಹಾರದ ಗುರುತು ಹಸಿರೇ ಆಗಿರಬೇಕು, ಕಪ್ಪು ರಿಬ್ಬನ್ ಹಾಕಿದ ಪ್ರಿಂಟರಿನಿಂದ ಅದು ಬರದು. ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು 14 ಅಂಕಿಯ ಸಂಖ್ಯೆ, ನಿಮ್ಮ ಹೆಸರು, ವಿಳಾಸ, ಪದಾರ್ಥಗಳ ಪಟ್ಟಿ, ಇಂಥ ಬದಲಾಗದ ಭಾಗವನ್ನು ಪ್ರೆಸ್‌ನಲ್ಲಿ ಬಣ್ಣದಲ್ಲಿ ಮುದ್ರಿಸಿ ರೋಲ್ ಮಾಡಿಸಿ. ಬ್ಯಾಚ್, ತಯಾರಿಸಿದ ದಿನಾಂಕ, ಬಳಕೆಯ ಗಡುವು, ಗರಿಷ್ಠ ಮಾರಾಟ ಬೆಲೆಗೆ ಬಿಳಿ ಜಾಗ ಬಿಡಿಸಿ, ಅಷ್ಟನ್ನು ಮಾತ್ರ ನೀವು ಥರ್ಮಲ್‌ನಲ್ಲಿ ಹಾಕಿ. ಆ ಬಿಳಿ ಜಾಗದ ಮೇಲೆ ಲ್ಯಾಮಿನೇಷನ್, ವಾರ್ನಿಷ್ ಬೇಡವೆಂದು ಪ್ರೆಸ್‌ನವರಿಗೆ ಮೊದಲೇ ಹೇಳಬೇಕು. ಇಲ್ಲದಿದ್ದರೆ ಮಸಿ ಕೂರುವುದಿಲ್ಲ.

ಚೌಕ ಬರಲು ಕಾರಣ, ಪ್ರಿಂಟರಿನೊಳಗಿನ ಫಾಂಟ್‌ಗಳಲ್ಲಿ ಕನ್ನಡವಿಲ್ಲ. ಸಾಫ್ಟ್‌ವೇರಿನಲ್ಲಿ ಪ್ರಿಂಟರ್ ಫಾಂಟ್ ಬಿಟ್ಟು ವಿಂಡೋಸ್‌ನ ಯುನಿಕೋಡ್ ಫಾಂಟ್ ಆರಿಸಿ. ನಿರ್ಮಲಾ ಯುಐ, ನೋಟೊ ಸಾನ್ಸ್ ಕನ್ನಡ ಎರಡೂ ಚೆನ್ನಾಗಿವೆ. ಆಗ ಅಕ್ಷರ ಚಿತ್ರವಾಗಿ ಹೋಗುತ್ತದೆ, ಒತ್ತಕ್ಷರವೂ ಸರಿ ಬರುತ್ತದೆ. ಗಾತ್ರದಲ್ಲಿ ಜಿಪುಣತನ ಬೇಡ. 8 ಪಾಯಿಂಟ್ ಅಕ್ಷರಕ್ಕೆ 203 ಡಿಪಿಐನಲ್ಲಿ ಸಿಗುವುದು ಸುಮಾರು 22 ಚುಕ್ಕೆಯ ಎತ್ತರ. ಅಷ್ಟರಲ್ಲೇ ಗುಡಿಸು, ಅಕ್ಷರ, ಒತ್ತು ಮೂರೂ ಹಿಡಿಯಬೇಕು, ಹಾಗಾಗಿ ಮುಚ್ಚಿಕೊಂಡುಬಿಡುತ್ತವೆ. 10 ಪಾಯಿಂಟ್ ಇಡಿ ಅಥವಾ 300 ಡಿಪಿಐಗೆ ಹೋಗಿ. ಕಾನೂನು ಕೇಳುವ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು, ಕನ್ನಡ ಅದರ ಜೊತೆಗೆ.

ಪ್ರಶ್ನೆ: ಕೊರಿಯರ್‌ನವರ ಪಿಡಿಎಫ್ ಲೇಬಲ್ ಮುದ್ರಿಸಿದರೆ ಚಿಕ್ಕದಾಗಿ ಬರುತ್ತದೆ. ಮಳೆಗೆಂದು ಮೇಲೆ ಸೆಲೋಟೇಪ್ ಹಾಕುತ್ತೇವೆ. ಸರಿಯೇ?
(ಸೋಮವಾರಪೇಟೆ)

ಉತ್ತರ: ಮುದ್ರಿಸುವಾಗ ‘ಪುಟಕ್ಕೆ ಹೊಂದಿಸು’ ಎಂಬ ಆಯ್ಕೆ ತೆಗೆದು ಶೇ 100 ಅಳತೆ ಇಡಿ, ಕಾಗದದ ಗಾತ್ರ 100 × 150 ಮಿಮೀ ಎಂದು ನಮೂದಿಸಿ. ಕೊರಿಯರ್ ಲೇಬಲ್ ಕೆಲವೇ ದಿನ ಬಾಳಿದರೆ ಸಾಕು, ಆದ್ದರಿಂದ ಇಲ್ಲಿ ಡೈರೆಕ್ಟ್ ಥರ್ಮಲ್ಲೇ ಸರಿಯಾದದ್ದು. ರಿಬ್ಬನ್ ಖರ್ಚು ವ್ಯರ್ಥ. ಸೆಲೋಟೇಪ್ ಬೇಡ. ಅದರ ಅಂಟು ಬರಹವನ್ನು ಮಾಸಿಸುತ್ತದೆ, ಹೊಳಪು ಸ್ಕ್ಯಾನರಿಗೆ ಅಡ್ಡಬರುತ್ತದೆ. ಮೇಲ್ಪದರ ಹಾಕಿದ, ಟಾಪ್ ಕೋಟೆಡ್ ಎಂದು ಮಾರುವ ಲೇಬಲ್ ತಂದರೆ ನಾಲ್ಕು ಹನಿ ಮಳೆ ತಡೆಯುತ್ತದೆ. ಜೋರು ಮಳೆಯ ತಿಂಗಳುಗಳಲ್ಲಿ ಪೆಟ್ಟಿಗೆಯನ್ನು ಕೊರಿಯರ್ ಕವರಿಗೆ ಹಾಕಿ ಲೇಬಲ್ಲನ್ನು ಅದರ ಪಾರದರ್ಶಕ ಜೇಬಿನೊಳಗೆ ಇಡಿ. ಆ ಜೇಬು ಪಾಲಿಥೀನ್‌ನದ್ದಾಗಿರಲಿ, ಪಿವಿಸಿಯದ್ದಲ್ಲ.